ಅಜ್ಜಿಯ ಓಟು, ನನ್ನ ಬೆರಳು

ಆ ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮನೆಯಲ್ಲಿ ನಾಲ್ಕು ಜನ ಇದ್ದೆವು. ಚಿಕ್ಕಪ್ಪ ಮಗ್ಗದ ಆ ಬದಿಗೆ, ನಾನು ಈ ಬದಿಗೆ, ಎದುರುಬದುರು ಕೂತು ಅಚ್ಚು ಕೆಚ್ಚುತ್ತಿದ್ದೆವು. ಗೋಡೆಗೊರಗಿ ಚಾಪೆಯ ಮೇಲೆ ಅಜ್ಜಿ. ಹೊಸ್ತಿಲ ಮೇಲೆ ಚಿಕ್ಕಪ್ಪನ ಮಗ, ಕೈಯಲ್ಲಿ ಫೋನು. ಅವನು ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಅಣ್ಣ ಎಂದೇ ಕರೆಯುತ್ತೇನೆ. ನನ್ನ ಅಪ್ಪ ಅಮ್ಮ ಹೊಸಕೋಟೆಯ ನೆಂಟರ ಮದುವೆಗೆ ಹೋಗಿದ್ದರು.

ಅಚ್ಚು ಕೆಚ್ಚುವುದೆಂದರೆ, ಮುಗಿದುಹೋದ ಹಾಸಿನ, ಅಂದರೆ ಉದ್ದನೂಲಿನ, ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವುದು. ಸಾವಿರಾರು ಎಳೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯುತ್ತಾ ಹೋಗಬೇಕು, ಬೇರೆ ದಾರಿಯಿಲ್ಲ. ಅಷ್ಟು ಹೊತ್ತೂ ಮಗ್ಗ ನಿಂತಿರುತ್ತದೆ. ಮಗ್ಗ ನಡೆಯುತ್ತಿದ್ದರೆ ನಮ್ಮ ಬೀದಿಯಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ಆದ್ದರಿಂದ ಮನೆಯ ದೊಡ್ಡ ಮಾತುಗಳೆಲ್ಲ ಅಚ್ಚು ಕೆಚ್ಚುವ ದಿನಕ್ಕೆಂದೇ ಕಾದಿರುತ್ತವೆ. ಯಾರ ಮನೆಯ ಹೆಣ್ಣು ತರುವುದು, ಯಾರ ಜೊತೆ ಮಾತು ಬಿಡುವುದು, ಯಾರಿಗೆ ಓಟು ಹಾಕುವುದು, ಎಲ್ಲ. ನಾನು ಮಾತು ಕಲಿತದ್ದೂ ಹಾಗೆ ನಿಂತ ಮಗ್ಗದ ಪಕ್ಕದಲ್ಲೇ.

ಮತದಾನಕ್ಕೆ ಇನ್ನು ಮೂರು ದಿನ ಇತ್ತು. ನನಗದು ಮೊದಲ ಓಟು.

"ಹೊಸ್ತಿಲ ಮೇಲೆ ಕೂತ್ಕೋಬೇಡ್ವೋ. ಒಳಗಾದ್ರೂ ಬಾ, ಆಚೆಗಾದ್ರೂ ಹೋಗು," ಎಂದಳು ಅಜ್ಜಿ.

"ಒಳಗೆ ನೆಟ್‌ವರ್ಕ್ ಸಿಗಲ್ಲ ಕಣಜ್ಜಿ."

"ಹಂಗಾರೆ ಆಚೆಗೆ ಹೋಗು."

"ಆಚೆಗೆ ಹೋದ್ರೆ ನಿನ್ನ ಓಟು ಕೇಳೋರ್ಯಾರು?"

ಅಣ್ಣ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆ ವರ್ಷ ಅವನು ಒಂದು ಪಕ್ಷದ ಬೂತ್ ಗುಂಪಿಗೆ ಅಡ್ಮಿನ್ ಆಗಿದ್ದ, ಅದು ಅವನಿಗೆ ಕಾರ್ಖಾನೆಯ ಕೆಲಸಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ತಾಲ್ಲೂಕು ಕಚೇರಿಯ ಹೊರಗೆ ಅಂಟಿಸಿದ್ದ ಅಭ್ಯರ್ಥಿಗಳ ಪಟ್ಟಿಯನ್ನು ಫೋಟೋ ಹೊಡೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಿದ್ದ. ಹೆಸರು, ಚಿಹ್ನೆ, ಯಂತ್ರದ ಮೇಲೆ ಬರುವ ಅದೇ ಕ್ರಮದಲ್ಲಿ. ಅಜ್ಜಿಯ ಮುಂದೆ ಹರವಿ ಕುಕ್ಕುರುಗಾಲಲ್ಲಿ ಕೂತ.

"ನೋಡಜ್ಜಿ, ಭಾಳ ಸುಲಭ. ಎಲ್ಲಕ್ಕಿಂತ ಮೇಲಿಂದು ನಮ್ದು. ಕಣ್ಮುಚ್ಕೊಂಡು ಒತ್ತಬಹುದು."

"ನಂಗೆ ಹೆಂಗೂ ಮುಚ್ಚಿದಂಗೇ ಅಲ್ವೇನೋ."

ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ ಎಂದರೆ "ಈ ಹಾಸು ಮುಗೀಲಿ" ಎನ್ನುತ್ತಿದ್ದಳು. ಹಾಸು ಮುಗಿಯುತ್ತಿತ್ತು, ಇನ್ನೊಂದು ಏರುತ್ತಿತ್ತು. ಅವಳು ಆ ಕಾಗದವನ್ನು ಎತ್ತಿಕೊಂಡು, ಬಟ್ಟೆಯ ಎಳೆ ಎಣಿಸುವ ಪುಟ್ಟ ಮಸೂರವನ್ನು ಅದರ ಮೇಲಿಟ್ಟು, ಮೂಗು ತಾಗುವಷ್ಟು ಬಗ್ಗಿ ಸಾಲು ಸಾಲಾಗಿ ನೋಡಿದಳು. ಒಂದು ಗಳಿಗೆಯಲ್ಲ, ನಾವು ಒಂದು ಗೇಣು ಅಚ್ಚು ಕೆಚ್ಚಿ ಮುಗಿಸುವಷ್ಟು ಹೊತ್ತು. ಆಮೇಲೆ ಕಾಗದವನ್ನು ಮಡಚಿ ಎಲೆಯಡಿಕೆ ಚೀಲಕ್ಕೆ ಸೇರಿಸಿದಳು.

"ಯಾರು ಅಂತ ಡಿಸೈಡ್ ಆಯ್ತಾ?" ಎಂದ ಅಣ್ಣ.

"ಆಯ್ತು."

"ಯಾರಜ್ಜಿ?"

"ಹೇಳೋದಾದ್ರೆ ಗುಟ್ಟಿನ ಓಟು ಅಂತ ಯಾಕೆ ಮಾಡ್ತಿದ್ರು? ಬಯಲಲ್ಲಿ ನಿಲ್ಸಿ ಕೈ ಎತ್ತಿಸ್ತಿರ್ಲಿಲ್ವಾ?"

ಇದು ತಾತನ ಕಾಲದ ಕಟ್ಟಳೆ. ಗಂಡ ಹೆಂಡತಿ ಒಟ್ಟಿಗೆ ಓಟು ಹಾಕಲು ಹೋಗುತ್ತಿದ್ದರಂತೆ, ಒಟ್ಟಿಗೆ ಬರುತ್ತಿದ್ದರಂತೆ, ಯಾರಿಗೆಂದು ಒಬ್ಬರನ್ನೊಬ್ಬರು ಒಮ್ಮೆಯೂ ಕೇಳಲಿಲ್ಲವಂತೆ. ಆದರೆ ಈಗ ತೊಡಕೊಂದಿತ್ತು. ಕಣ್ಣು ಕಾಣದವರ ಪರವಾಗಿ ಜೊತೆಗೊಬ್ಬರು ಹೋಗಿ ಗುಂಡಿ ಒತ್ತಬಹುದು. ಹಿಂದಿನ ಸಲ ಅಪ್ಪ ಹೋಗಿದ್ದರು. ಅವರು ಹೊರಬಂದ ಮೇಲೆ ಬೀಗರ ಮನೆಯಲ್ಲಿ ಬಾಯಿಬಿಟ್ಟರೆಂದು ಅಜ್ಜಿ ಒಂದು ವಾರ ಅವರ ಕೈಯಿಂದ ಕಾಫಿ ಮುಟ್ಟಿರಲಿಲ್ಲ.

"ಈ ಸಲ ನಾನು ಬರ್ತೀನಮ್ಮ," ಎಂದರು ಚಿಕ್ಕಪ್ಪ.

"ನಾನಿರೋವಾಗ ನೀನ್ಯಾಕಪ್ಪ," ಎಂದ ಅಣ್ಣ.

"ಇಬ್ರೂ ಬೇಡ. ನಿಮ್ಮಿಬ್ರ ಬೆರಳಿಗೂ ಆಗ್ಲೇ ಬಣ್ಣ ಹತ್ತಿದೆ," ಎಂದ ಅಜ್ಜಿ ನನ್ನ ಕಡೆ ಕತ್ತು ತಿರುಗಿಸಿದಳು. "ಇವಳು ಬರ್ಲಿ. ಇವಳಿಗೆ ಏನೂ ಗೊತ್ತಿಲ್ಲ."

ಅಣ್ಣ ಬಿದ್ದು ಬಿದ್ದು ನಕ್ಕ. ನನಗೆ ಸಿಟ್ಟು ಬಂತು, ಆದರೆ ಅಜ್ಜಿ ಹೇಳಿದ್ದು ಸುಳ್ಳಾಗಿರಲಿಲ್ಲ.

"ಹೆಸ್ರು ಹೇಳ್ದೆ ಇದ್ರೆ ನಾನು ಹೆಂಗಜ್ಜಿ ಒತ್ತೋದು?" ಎಂದೆ.

"ಸಾಲಿನ ನಂಬರು ಹೇಳ್ತೀನಿ, ಅಲ್ಲೇ, ಕಿವಿಯಲ್ಲಿ. ನಿಮ್ಮ ತಾತ ಹೊಡೀತಿರ್ಲಿಲ್ವಾ ಹಂಗೆ."

ತಾತ ಸೀರೆಯ ಅಂಚಿನ ಚಿತ್ತಾರಕ್ಕೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುವ ಕೆಲಸ ಮಾಡುತ್ತಿದ್ದರು. ಚೌಕದ ಹಾಳೆಯಲ್ಲಿ ಬರೆದ ಚಿತ್ರವನ್ನು ಅಜ್ಜಿ ಸಾಲು ಸಾಲಾಗಿ ಓದುವುದು, "ಎರಡು ಬಿಡು, ಮೂರು ಹೊಡಿ, ಒಂದು ಬಿಡು". ತಾತ ತಲೆಯೆತ್ತದೆ ಹೊಡೆಯುವುದು. ಹೊಡೆಯುವವನಿಗೆ ತಾನು ಹೊಡೆಯುತ್ತಿರುವುದು ಮಾವಿನಕಾಯೋ ಹಂಸವೋ ಗೊತ್ತಿರಬೇಕಾಗಿಲ್ಲ. ಓದುವವಳಿಗೆ ಗೊತ್ತಿದ್ದರೆ ಸಾಕು. ನಾನು ಹುಟ್ಟುವ ಹೊತ್ತಿಗೆ ಆ ಕೆಲಸವನ್ನು ಕಂಪ್ಯೂಟರು ತೆಗೆದುಕೊಂಡಿತ್ತು. ತಾತನ ಕೈ ಆ ಕೆಲಸ ಮಾಡುವುದನ್ನು ನಾನು ನೋಡಲಿಲ್ಲ.

"ನಾನು ಓದೋಳು, ನೀನು ಹೊಡಿಯೋಳು. ಚಿತ್ರ ಏನು ಅಂತ ತಲೆ ಕೆಡಿಸ್ಕೋಬೇಡ," ಎಂದು ಮಾತು ಮುಗಿಸಿದಳು ಅಜ್ಜಿ.

ನನ್ನ ತಲೆ ಅದಕ್ಕೂ ಮೊದಲೇ ಕೆಟ್ಟಿತ್ತು. ಬೆಳಿಗ್ಗೆ ಅಣ್ಣ ಕಳಿಸಿದ ವಿಡಿಯೊ ನೋಡಿ ಹೌದಲ್ಲ ಎನ್ನುತ್ತಿದ್ದೆ. ಮಧ್ಯಾಹ್ನ ಕಾಲೇಜಿನಲ್ಲಿ ಗೆಳತಿ ಅದಕ್ಕೆ ತದ್ವಿರುದ್ಧವಾದದ್ದು ತೋರಿಸಿದರೆ ಅದಕ್ಕೂ ಹೌದಲ್ಲ ಎನ್ನುತ್ತಿದ್ದೆ. ಆ ಗೆಳತಿ ಕುಂದಾಣದ ಕಡೆಯವಳು, ಬೇಸಾಯದ ಮನೆ, ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಅವರ ಹೊಲದ ಮೇಲೆ ಯಾವುದೋ ನೋಟಿಸು ಬಂದಿತ್ತು. ಜಮೀನಿನ ವಿಷಯಕ್ಕೆ ಸರಿಯಾಗಿ ಉತ್ತರ ಕೊಟ್ಟವರಿಗೆ ಓಟು ಎಂದು ಅವಳು ತೀರ್ಮಾನಿಸಿ ಆಗಿತ್ತು. ಅವಳಿಗೊಂದು ಹೊಲವಾದರೂ ಇತ್ತು, ಅಣ್ಣನಿಗೊಂದು ಗುಂಪಾದರೂ ಇತ್ತು. ನನಗೇನಿದೆ ಎಂದು ನೋಡಿಕೊಂಡರೆ ಕರೆಂಟು ಹೋದಾಗ ಬರುವ ಕೋಪ, ನೂಲಿನ ರೇಟು ಏರಿದಾಗ ಅಪ್ಪನ ಮುಖ, ಇಂಥವೇ ನಾಲ್ಕಾರು ಚೂರು. ಅವನ್ನೆಲ್ಲ ಸೇರಿಸಿ ಒಂದು ಗುಂಡಿಯ ಮೇಲೆ ಹೇಗಿಡುವುದು?

"ನೀನು ಎಡನಾ ಬಲನಾ ನಡೂನಾ, ಅದನ್ನಾದ್ರೂ ಹೇಳೇ," ಎಂದು ಕೇಳಿದ್ದಳು ಗೆಳತಿ ಕ್ಯಾಂಟೀನಿನಲ್ಲಿ.

"ಬಸ್ಸಲ್ಲಾದ್ರೆ ಕಿಟಕಿ ಪಕ್ಕ," ಎಂದಿದ್ದೆ.

"ಥೂ, ನಿನ್ನಂಥೋರಿಂದಾನೇ ದೇಶ ಹಿಂಗಿರೋದು."

ತಮಾಷೆಗೆ ಅಂದಿದ್ದು. ಆದರೂ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಅದು ಕಿವಿಯಲ್ಲೇ ಇತ್ತು.

ಅಭ್ಯರ್ಥಿಗಳಲ್ಲಿ ನಮ್ಮ ಬಾಗಿಲಿಗೆ ಬಂದು ಕೂತವರು ಒಬ್ಬರೇ. ಪಕ್ಷೇತರ, ನಿವೃತ್ತ ಮೇಷ್ಟ್ರು. ಹಿಂದೆ ಮುಂದೆ ಜನವಿಲ್ಲ, ಮೈಕಿಲ್ಲ. ಜಗಲಿಯ ಮೇಲೆ ಕೂತು ನೀರು ಕುಡಿದು, ಕರಪತ್ರ ಒಂದನ್ನು ಕೊಟ್ಟು, "ಇನ್ನೂ ಮೂರು ಬೀದಿ ಇದೆ ಕಣಮ್ಮ," ಎಂದು ಎದ್ದು ಹೋದರು. ಅಣ್ಣ ಅವರ ಬೆನ್ನಿಗೆ, "ಡೆಪಾಸಿಟ್ ಹೋಗೋ ಕೇಸು," ಎಂದ. ಅಜ್ಜಿ ಖಾಲಿ ಲೋಟವನ್ನು ತಡವಿ ಎತ್ತಿಕೊಂಡಳು.

ನಾನು ಒಂದು ಉಪಾಯ ಮಾಡಿಕೊಂಡಿದ್ದೆ, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಜ್ಜಿ ಎಂಬತ್ತು ದಾಟಿದವಳು. ಎಷ್ಟೋ ಚುನಾವಣೆ ನೋಡಿದವಳು. ಅಷ್ಟು ಹೊತ್ತು ಮಸೂರ ಇಟ್ಟು ನೋಡಿ ಒಬ್ಬರನ್ನು ಆರಿಸಿದ್ದಾಳೆ. ಮೊದಲು ಅವಳ ಓಟು ಹಾಕುವಾಗ ಅವಳು ಹೇಳಿದ ಸಾಲು ಯಾರದೆಂದು ನೋಡಿಕೊಂಡುಬಿಟ್ಟರೆ, ನನ್ನದನ್ನೂ ಅಲ್ಲೇ ಹಾಕಬಹುದು. ಕಾಪಿ ಹೊಡೆದ ಹಾಗೆ. ಗೆಳತಿ ಕೇಳಿದರೆ ಯೋಚನೆ ಮಾಡಿ ಹಾಕಿದೆ ಎನ್ನಬಹುದು. ಯೋಚನೆ ಯಾರದಾದರೇನು?

ಮತದಾನದ ದಿನ ಬೆಳಿಗ್ಗೆಯೇ ಅಜ್ಜಿ ಒಗೆದ ಸೀರೆ ಉಟ್ಟು ತಯಾರಾಗಿದ್ದಳು. ಶಾಲೆ ನಮ್ಮ ಬೀದಿಯಿಂದ ಎರಡು ತಿರುವು. ಕೈ ಹಿಡಿದು ಕರೆದುಕೊಂಡು ಹೋದೆ. ಸಾಲಿನಲ್ಲಿ ನಿಂತವರು ವಯಸ್ಸಾದವಳೆಂದು ಮುಂದೆ ಬಿಟ್ಟರು.

ಒಳಗೆ ಅಧಿಕಾರಿ ಒಂದು ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡರು. ಇವರ ಪರವಾಗಿ ನಾನು ಹಾಕುವ ಓಟನ್ನು ಯಾರಿಗೂ ಹೇಳುವುದಿಲ್ಲ ಎಂದು. ಅಜ್ಜಿ, "ಏನ್ ಬರೆಸ್ಕೊಂಡ್ರೇ?" ಎಂದು ಕೇಳಿದಳು. ಹೇಳಿದೆ. "ನೋಡಿದ್ಯಾ, ಸರ್ಕಾರಾನೂ ಅದನ್ನೇ ಹೇಳೋದು," ಎಂದು ಅಧಿಕಾರಿಯ ಕಡೆ ತಲೆಯಾಡಿಸಿದಳು. ಜೊತೆಗೆ ಬಂದವಳೆಂದು ನನ್ನ ಬಲಗೈ ತೋರುಬೆರಳಿಗೆ ಶಾಯಿ ಹಚ್ಚಿದರು.

ರಟ್ಟಿನ ಮರೆಯ ಹಿಂದೆ ಇಬ್ಬರೂ ನಿಂತೆವು. ಅಜ್ಜಿ ನನ್ನ ಭುಜ ಹಿಡಿದು ಕಿವಿಗೆ ಬಾಯಿಟ್ಟಳು.

"ಮೂರನೇ ಸಾಲು."

ನಾನು ಎಣಿಸಿದೆ. ಒಂದು, ಅಣ್ಣನ ಪಕ್ಷ. ಎರಡು, ಗೆಳತಿಯ ಪಕ್ಷ. ಮೂರು.

ನನ್ನ ಬೆರಳು ನಿಂತುಬಿಟ್ಟಿತು. ಮೂರನೆಯವರು ನಮ್ಮ ಮನೆಯಲ್ಲಿ ಹೆಸರೆತ್ತದ ಪಕ್ಷದವರು. ಕಾರಣ ದೊಡ್ಡದಲ್ಲ. ಬಹಳ ಹಿಂದೆ ಯಾವುದೋ ಸಭೆಗೆ ಅವರ ಹುಡುಗರು ತೋರಣ ಕಟ್ಟುವಾಗ ನಮ್ಮ ಮಗ್ಗದ ಮನೆಯ ವೈರು ಎಳೆದು ಹರಿದರು. ಮದುವೆಗೆ ಒಪ್ಪಿಕೊಂಡಿದ್ದ ಸೀರೆ ಅರ್ಧ ನೇಯ್ದು ಮಗ್ಗದ ಮೇಲಿತ್ತು, ಮೂರು ದಿನ ಕರೆಂಟಿಲ್ಲ. ತಾತ ಕೇಳಲು ಹೋದರೆ ಒಬ್ಬನೂ ಕುರ್ಚಿಯಿಂದ ಏಳಲಿಲ್ಲವಂತೆ. ಅವತ್ತಿನಿಂದ ನಮ್ಮ ಗೇಟಿಗೆ ಅವರ ಬಾವುಟ ಕಟ್ಟಲು ಅಜ್ಜಿ ಬಿಟ್ಟಿರಲಿಲ್ಲ. ಆ ಅಜ್ಜಿ ಈಗ ಇವರಿಗೆ?

"ಮೂರನೇದೇನಾ ಅಜ್ಜಿ?"

"ಮೂರನೇದೇ. ಓದೋಳು ನಾನು. ಹೊಡಿ."

ಒತ್ತಿದೆ. ಕೀ ಎಂದು ಉದ್ದಕ್ಕೆ ಸದ್ದಾಯಿತು. ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಚೀಟಿ ಕಾಣಿಸಿ, ಒಂದು ಕ್ಷಣ ನಿಂತು, ಕೆಳಗೆ ಬಿತ್ತು. ಅಜ್ಜಿ ನನ್ನ ಭುಜವನ್ನು ಒಮ್ಮೆ ಒತ್ತಿ ಬಿಟ್ಟಳು.

ಅವಳನ್ನು ಬೆಂಚಿನ ಮೇಲೆ ಕೂರಿಸಿ, ನನ್ನ ಎಡಗೈಗೆ ಶಾಯಿ ಹಾಕಿಸಿಕೊಂಡು ಒಬ್ಬಳೇ ಮರೆಯ ಹಿಂದೆ ಬಂದೆ. ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಇಷ್ಟು ವರ್ಷದ ಹಗೆಯನ್ನು ಇವಳು ಬಿಟ್ಟಳೆಂದರೆ ಏನೋ ಕಂಡಿರಬೇಕು. ನಮಗ್ಯಾರಿಗೂ ಕಾಣದ್ದು ಪೊರೆ ಬಂದ ಕಣ್ಣಿಗೆ ಕಂಡಿರಬೇಕು. ಎಂಬತ್ತು ದಾಟಿದವಳೇ ಮನಸ್ಸು ಬದಲಾಯಿಸಿದ ಮೇಲೆ, ಮನಸ್ಸೇ ಮಾಡದ ನಾನ್ಯಾರು? ಅಣ್ಣನ ಸಾಲಿನ ಮೇಲೊಮ್ಮೆ, ಗೆಳತಿಯ ಸಾಲಿನ ಮೇಲೊಮ್ಮೆ ಬೆರಳು ಹೋಗಿ ಬಂತು.

"ಒತ್ತಿದ್ರಾ ಮೇಡಂ?" ಎಂದು ಆಚೆಯಿಂದ ಯಾರೋ ಕೇಳಿದರು.

ಮೂರನೆಯದನ್ನೇ ಒತ್ತಿದೆ.

ಹೊರಗೆ ಅಣ್ಣ ಕಾಯುತ್ತಿದ್ದ. "ಲೇ, ಎರಡು ಕೈಗೂ ಶಾಯಿ! ಕಳ್ಳ ಓಟು ಹಾಕಿದೋಳು ಇಲ್ಲೇ ಅವ್ಳೆ ನೋಡ್ರೋ," ಎಂದು ಗೆಳೆಯರ ಮುಂದೆ ನನ್ನ ಕೈಗಳನ್ನು ಎತ್ತಿ ಹಿಡಿದ.

ಆಮೇಲಿನ ಮೂರು ದಿನ ನನಗೊಂದು ಪಕ್ಷವಿತ್ತು. ಹೇಗೆಂದು ಕೇಳಿದರೆ ನಗು ಬರುತ್ತದೆ, ಆಗ ಬರಲಿಲ್ಲ. ಹಾಕಿದ ಮೇಲೆ ಯಾಕೆ ಹಾಕಿದೆ ಎಂದು ತಿಳಿಯಬೇಕಲ್ಲ, ಅದಕ್ಕೆ ಆ ಪಕ್ಷದವರ ಭಾಷಣಗಳನ್ನೆಲ್ಲ ಹುಡುಕಿ ಕೇಳಿದೆ. ಚೆನ್ನಾಗಿಯೇ ಮಾತಾಡುತ್ತಿದ್ದರು. ಮಗ್ಗಕ್ಕೆ ಕರೆಂಟು, ಹುಡುಗಿಯರಿಗೆ ಕೆಲಸ, ಎಲ್ಲ ಹೇಳಿದ್ದರು. ಗೆಳತಿಗೆ ಫೋನಿನಲ್ಲಿ ಅವರ ಪರವಾಗಿ ಅರ್ಧ ಗಂಟೆ ವಾದಿಸಿದೆ. "ನಿಂಗೇನಾಯ್ತೇ?" ಎಂದಳು ಅವಳು. ಮೊದಲ ಸಲ ನನ್ನ ದನಿ ನಡುಗದೆ ಬಂದಿತ್ತು. ಅದೆಷ್ಟು ಹಿತವಾಗಿತ್ತು ಎಂದರೆ, ಕನ್ನಡಿಯ ಮುಂದೆ ನಿಂತೂ ಒಮ್ಮೆ ಹೇಳಿ ನೋಡಿದೆ.

ಎಣಿಕೆಯ ದಿನ ಮಗ್ಗ ನಿಲ್ಲಿಸಿದ್ದರು. ಚಿಕ್ಕಪ್ಪ ಲಾಳಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದರು, ಅಜ್ಜಿ ಕಂಡಿಕೆಗಳಲ್ಲಿ ಉಳಿದ ನೂಲು ಬಿಚ್ಚುತ್ತಿದ್ದಳು, ನಾನು ಅವಳ ಪಕ್ಕ. ಮಧ್ಯಾಹ್ನದ ಹೊತ್ತಿಗೆ ಯಾರು ಗೆದ್ದರೆಂದು ಗೊತ್ತಾಗಿತ್ತು. ಅಣ್ಣನ ಪಕ್ಷವಲ್ಲ, ಮೂರನೇ ಸಾಲಿನವರೂ ಅಲ್ಲ. ಸಂಜೆ ಅಣ್ಣ ಜೋಲುಮುಖ ಹಾಕಿಕೊಂಡು ಬಂದ. ಎಣಿಕೆಗೆ ಹೋಗಿದ್ದ ಅವನ ಗೆಳೆಯ ನಮ್ಮ ಬೂತಿನ ಲೆಕ್ಕ ಬರೆದುಕೊಂಡು ಕಳಿಸಿದ್ದನಂತೆ. ಸೋತ ಸಿಟ್ಟಿಗೆ ಒಂದೊಂದಾಗಿ ಓದಿ ಹೇಳತೊಡಗಿದ. ಕೊನೆಗೆ ಬಂದ.

"ಪಕ್ಷೇತರರು ಮೂರು ಜನಕ್ಕೂ ನಮ್ಮ ಬೂತಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಪಾಪ, ಆ ಮೇಷ್ಟ್ರಿಗೆ ನೀರು ಕೊಟ್ಟೋರೂ ಓಟು ಕೊಟ್ಟಿಲ್ಲ ಗುರು."

ಅಜ್ಜಿಯ ಕೈಯಲ್ಲಿದ್ದ ಕಂಡಿಕೆ ನಿಂತಿತು.

"ಸೊನ್ನೆನಾ?"

"ಹೂಂ, ದುಂಡಗೆ ಸೊನ್ನೆ."

"ಮೂರು ಜನಕ್ಕೂ?"

"ಮೂರಕ್ಕೂ."

"ಹಂಗಾರೆ ಮಷೀನು ಸರಿ ಇರ್ಲಿಲ್ಲ," ಎಂದಳು ಅಜ್ಜಿ. "ಒಂದಾದ್ರೂ ಇರ್ಬೇಕಿತ್ತಲ್ಲೋ. ನಾನು ಹಾಕಿದ್ನಲ್ಲ!"

ಅಣ್ಣ ನೆಟ್ಟಗಾದ. ಬೆಳಗಿನಿಂದ ಜೋತಿದ್ದ ಮುಖಕ್ಕೆ ಜೀವ ಬಂತು. "ಅಜ್ಜಿ, ಏನಂದೆ? ಇರು, ಇರು, ಇನ್ನೊಂದ್ಸಲ ಹೇಳು." ಫೋನು ತೆಗೆದು ಅವಳ ಮುಖದ ಮುಂದೆ ಹಿಡಿದ. "ನನ್ನ ಓಟು ಎಲ್ಲೋಯ್ತು ಅಂತ ಕೇಳು. ಗುಂಪಿಗೆ ಹಾಕ್ತೀನಿ. ಇವತ್ತು ರಾತ್ರಿಯೊಳಗೆ ಇಡೀ ತಾಲ್ಲೂಕು ನೋಡ್ಬೇಕು."

ಅಜ್ಜಿ ಸೆರಗು ಸರಿಮಾಡಿಕೊಂಡಳು. ಮನೆಯಲ್ಲಿ ಯಾರೂ ಅವಳ ಫೋಟೋ ತೆಗೆದು ಬಹಳ ದಿನವಾಗಿತ್ತು. "ನಾನು ಮೊಮ್ಮಗಳನ್ನ ಕರ್ಕೊಂಡ್ ಹೋಗಿದ್ದೆ ಕಣಪ್ಪಾ," ಎಂದು ಫೋನಿಗೆ ಗಂಭೀರವಾಗಿ ಶುರುಮಾಡಿದಳು. "ಅವಳ ಕಿವಿಯಲ್ಲಿ ಹೇಳ್ದೆ, ಮೂರನೇ ಸಾಲು ಅಂತ. ನನ್ನ ಮುಂದೇನೇ ಒತ್ತಿದ್ಳು. ಕೀ ಅಂತು. ನನ್ನ ಕಿವಿ ಚೆನ್ನಾಗೇ ಇದೆ."

ನನಗೆ ತಲೆಬುಡ ತಿಳಿಯಲಿಲ್ಲ. ಮೂರನೇ ಸಾಲಿಗೂ ಪಕ್ಷೇತರರಿಗೂ ಏನು ಸಂಬಂಧ? ಪಕ್ಷೇತರರೆಲ್ಲ ಪಟ್ಟಿಯ ತಳದಲ್ಲಿದ್ದರು.

"ಅಜ್ಜಿ, ಮೂರನೇ ಸಾಲು ಅಂದ್ರೆ ಮೂರನೇದೇ ತಾನೇ?"

"ಹೂಂ ಕಣೇ. ಕೆಳಗಿಂದ ಮೂರನೇದು."

"ಕೆಳಗಿಂದ?"

"ಇನ್ನೆಲ್ಲಿಂದ ಎಣಿಸ್ತಾರೆ?" ಅವಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ಯಾವ ಸೀರೇನೇ ಮೇಲಿಂದ ಕೆಳಕ್ಕೆ ನೇಯೋದು?"

ಚಿಕ್ಕಪ್ಪ ಲಾಳಿಯನ್ನು ನೆಲಕ್ಕಿಟ್ಟರು. ಅವರಿಗೆ ತಕ್ಷಣ ಅರ್ಥವಾಯಿತು. ನನಗೆ ಅರ್ಥವಾಗಲು ಅವರ ಮುಖ ನೋಡಬೇಕಾಯಿತು. ಚಿತ್ತಾರದ ಚೌಕದ ಹಾಳೆಯಲ್ಲಿ ಮೊದಲ ಸಾಲೆಂದರೆ ಎಲ್ಲಕ್ಕಿಂತ ಕೆಳಗಿನದು. ಬಟ್ಟೆ ಅಲ್ಲಿಂದ ಮೇಲಕ್ಕೆ ಬೆಳೆಯುತ್ತದೆ. ಮಾವಿನಕಾಯಿಯ ಬುಡ ಮೊದಲು, ತುದಿ ಆಮೇಲೆ. ಮೂವತ್ತು ವರ್ಷ ಅಜ್ಜಿ ತಾತನಿಗೆ ಓದಿ ಹೇಳಿದ್ದು ಹಾಗೆಯೇ. ಸಾಲು ಸಾಲಾಗಿ ಬರೆದದ್ದು ಯಾವುದೇ ಇರಲಿ, ಅವಳ ಬೆರಳು ತಳದಿಂದಲೇ ಹತ್ತುತ್ತಿತ್ತು.

"ಈಗ ಹೇಳಜ್ಜಿ, ನನ್ನ ಓಟು ಕದ್ದೋರ್ಯಾರು ಅಂತ," ಎಂದ ಅಣ್ಣ. ಅವನು ನಮ್ಮ ಮಾತು ಕೇಳಿಸಿಕೊಂಡಿರಲೇ ಇಲ್ಲ.

"ಯಾರೂ ಕದ್ದಿಲ್ಲ. ಆಫ್ ಮಾಡು," ಎಂದೆ.

"ಸುಮ್ನಿರೇ, ಒಳ್ಳೆ ವಿಡಿಯೊ ಕೆಡಿಸ್ಬೇಡ."

"ಮಷೀನು ಸರಿಯಾಗೇ ಇತ್ತು ಕಣೋ! ನಾನು ಮೇಲಿಂದ ಎಣಿಸ್ಬಿಟ್ಟೆ."

ಅಣ್ಣ ಫೋನು ಕೆಳಗಿಳಿಸಿದ. ಅಜ್ಜಿ ನನ್ನ ಕಡೆ ತಿರುಗಿ, ಕಾಣದ ಕಣ್ಣಿಂದ ನನ್ನ ಮುಖವನ್ನು ಹುಡುಕಿದಳು.

"ಯಾರಿಗೆ ಹೊಡ್ದೆ ಹಂಗಾರೆ?"

ಹೇಳಬಾರದೆಂದು ಸಹಿ ಹಾಕಿದ್ದೆ. ಆದರೆ ಓಟು ಅವಳದು, ಅವಳಿಗೂ ಹೇಳಬಾರದೇ? ಹತ್ತಿರ ಹೋಗಿ ಅವಳ ಕಿವಿಯಲ್ಲಿ ಹೇಳಿದೆ.

"ವೈರ್ ಹರಿದೋರಿಗಾ!" ಎಂದು ಅವಳು ಬೀದಿಗೆ ಕೇಳುವ ಹಾಗೆ ಕೂಗಿದಳು. ಗುಟ್ಟೆಲ್ಲ ಅಲ್ಲಿಗೆ ಮುಗಿಯಿತು. ಚಿಕ್ಕಪ್ಪ ಬಾಯಿಗೆ ಟವೆಲು ಅಡ್ಡ ಹಿಡಿದು ನಗತೊಡಗಿದರು.

"ನಿಂದು? ನಿಂದು ಯಾರಿಗೆ ಹಾಕ್ದೆ?" ಎಂದಳು ಅಜ್ಜಿ. ಯಾರ ಓಟನ್ನೂ ಕೇಳದವಳು ಅವತ್ತು ಕೇಳಿಯೇಬಿಟ್ಟಳು.

"ನಂದೂ ಅವರಿಗೇ."

"ಯಾಕೆ?"

"ನೀನು ಹಾಕ್ದೆ ಅಂತ."

"ನಾನು ಹಾಕಿಲ್ವಲ್ಲೇ!"

ನನಗೆ ಅಳು ಬಂತು. ಯಾವುದಕ್ಕೆ ಅಳುತ್ತಿದ್ದೆನೋ ವಿಂಗಡಿಸಿ ಹೇಳಲಾರೆ. ಅವಳ ಓಟು ಕೆಡಿಸಿದ್ದಕ್ಕೋ, ನನ್ನದನ್ನು ಕೊಟ್ಟುಬಿಟ್ಟಿದ್ದಕ್ಕೋ, ಮೂರು ದಿನ ಮೆರೆದದ್ದಕ್ಕೋ. ಅಜ್ಜಿ ಕಂಡಿಕೆಯ ನೂಲು ಬಿಚ್ಚುವುದನ್ನು ಮತ್ತೆ ಶುರುಮಾಡಿದಳು, ಒಂದು ಮುಗಿಸಿದಳು, ಇನ್ನೊಂದು ತೆಗೆದುಕೊಂಡಳು.

"ತಪ್ಪು ನಂದೂ ಇದೆ. ಎಲ್ಲಿಂದ ಎಣಿಸ್ಬೇಕು ಅಂತ ಹೇಳ್ಬೇಕಿತ್ತು," ಎಂದಳು ಕೊನೆಗೆ. "ಆದ್ರೆ ನಿಂದು ಮಾತ್ರ ನನ್ನ ತಪ್ಪಲ್ಲ ಕಣವ್ವ. ನಿಂದನ್ನ ನಾನು ಓದಿರ್ಲಿಲ್ಲ."

ಅಣ್ಣ ವಿಡಿಯೊ ಅಳಿಸಿದ. ಅಳಿಸುವ ಮುಂಚೆ ಎರಡು ಸಲ ನನ್ನ ಮುಖ ನೋಡಿದ. "ಎಂಥಾ ಕಂಟೆಂಟು ಗುರು," ಎಂದು ತನ್ನಷ್ಟಕ್ಕೆ ತಾನೇ ಅಂದುಕೊಂಡ. ಆಮೇಲೆ ಫೋನಿನಲ್ಲಿದ್ದ ಪಟ್ಟಿ ತೆಗೆದು ಕೆಳಗಿನಿಂದ ಎಣಿಸಿದ. ಅಲ್ಲಿ ಹೊಸ ತೊಡಕು. ಎಲ್ಲರ ಕೆಳಗೆ 'ಮೇಲಿನ ಯಾರೂ ಅಲ್ಲ' ಎಂಬ ಸಾಲಿತ್ತು. ಅದನ್ನೂ ಸೇರಿಸಿ ಎಣಿಸಿದರೆ ಮೂರನೆಯವರು ನೀರು ಕುಡಿದು ಹೋದ ಮೇಷ್ಟ್ರು. ಅದನ್ನು ಬಿಟ್ಟು ಎಣಿಸಿದರೆ ನಾವ್ಯಾರೂ ಮುಖ ನೋಡದ, ಆವತಿ ಕಡೆಯ ಒಬ್ಬ ಹೆಂಗಸು.

"ಮೇಷ್ಟ್ರೇ ಅಲ್ವಾ ಅಜ್ಜಿ?" ಎಂದ ಅಣ್ಣ.

"ಅದು ಹೇಳೋದಲ್ಲ."

"ಆ ಹೆಂಗಸಾ? ಅವರು ನಿಂಗೆಲ್ಲಿ ಗೊತ್ತು?"

"ಹೇಳೋದಲ್ಲ ಅಂದ್ನಲ್ಲ. ಎದ್ದು ದೀಪ ಹಾಕು."

ಇವತ್ತಿಗೂ ಗೊತ್ತಿಲ್ಲ. ಆ ವಾರ ಗೆಳತಿಗೆ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ, "ಹಾಗಾದ್ರೆ ಫೋನಲ್ಲಿ ಅರ್ಧ ಗಂಟೆ ಮಾತಾಡಿದ್ದು ಯಾರು?" ಎಂದು ಕೇಳಿದಳು. ನಾನೇ ಮಾತಾಡಿದ್ದು. ಆ ಮಾತುಗಳಲ್ಲಿ ಕೆಲವು ಈಗಲೂ ಸರಿಯೆಂದೇ ನನಗೆ ಅನ್ನಿಸುತ್ತವೆ, ಅದೇ ತಲೆನೋವು. ತಪ್ಪಾಗಿ ಹೊಕ್ಕ ಮನೆಯಲ್ಲೂ ಒಂದೆರಡು ಒಳ್ಳೆಯ ಪಾತ್ರೆ ಇದ್ದೇ ಇರುತ್ತವಲ್ಲ. ಅಣ್ಣನ ವಿಡಿಯೊಗಳಿಗೆ ಮೊದಲಿನಷ್ಟು ಬೇಗ ತಲೆಯಾಡಿಸುವುದು ಬಿಟ್ಟೆ. ಗೆಳತಿಯವಕ್ಕೂ ಬಿಟ್ಟೆ. ಹಾಗೆಂದು ನನ್ನದೊಂದು ಸಿಕ್ಕಿತೇ ಎಂದರೆ, ಇಲ್ಲ.

ಮುಂದಿನ ವರ್ಷ ಅಜ್ಜಿಯ ಕಣ್ಣಿನ ಆಪರೇಷನ್ ಆಯಿತು. ಅದಾಗಿ ಸ್ವಲ್ಪ ದಿನಕ್ಕೆ ಬಂದ ಚುನಾವಣೆಯಲ್ಲಿ ಅವಳು ಕಪ್ಪು ಕನ್ನಡಕ ಹಾಕಿಕೊಂಡು ಒಬ್ಬಳೇ ಒಳಗೆ ಹೋದಳು. ನಾನು ಬಾಗಿಲ ಹೊರಗೆ ಸಾಲಿನಲ್ಲಿದ್ದೆ. ಅವಳು ಹೊರಬಂದು, ನನ್ನ ಪಕ್ಕದಲ್ಲೇ ದಾಟಿಕೊಂಡು, ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತಳು. ನನ್ನ ಸರದಿ ಬಂದಾಗಲೂ ನನ್ನ ಸಾಲು ಯಾವುದೆಂದು ಗೊತ್ತಾಗಿರಲಿಲ್ಲ, ಹಿಂದಿದ್ದ ಹೆಂಗಸಿಗೆ, "ನೀವು ಹೋಗಿ," ಎಂದೆ. ಅವರ ಹಿಂದಿದ್ದವರಿಗೂ ಹಾಗೇ ಎಂದೆ. ಬಾಗಿಲಲ್ಲಿದ್ದ ಪೊಲೀಸಿನವರು, "ಏನಮ್ಮಾ, ನೀನು ಹೋಗೋದಿದ್ಯಾ ಇಲ್ವಾ?" ಎಂದರು. ಒಳಗೆ ಹೋದೆ.